ಎಡಗಡೆ ಪೂರ್ತಿ ಆಗೈತೆ

"ನಿನ್ ಗಂಡ ಉಣ್ಣೆ ಕತ್ತರ್ಸಿ ಮುಗ್ಸಿದಾನೆ ಕಣವ್ವ. ದಾರೀಲಿ ಕುರಿ ನೋಡ್ಕಂಡೇ ಬಂದೆ."

"ಕತ್ರಿನೇ ಮುಟ್ಟಿಲ್ಲ ಕಣಣ್ಣ. ಬೆಳಗ್ಗೆ ನಾನೂ ನೋಡ್ದೆ."

ಗೊಲ್ಲಪ್ಪ ಮದಕರಿಪುರದಿಂದ ಬಂದಿದ್ದು ತಂಗಿ ಚಿತ್ತಮ್ಮನನ್ನು ತವರಿಗೆ ಕರೆದೊಯ್ಯಲು. ಮನೆಯಲ್ಲಿ ಕಿರಿಯವಳ ಮದುವೆ. ಆದರೆ ಚಿತ್ತಮ್ಮನ ಗಂಡ ಎತ್ತಪ್ಪ ಕಟ್ಟಳೆ ಹಾಕಿದ್ದ: ಮಂದೆಯ ಉಣ್ಣೆ ಇಳಿಯುವ ತನಕ ಅವಳು ಎಲ್ಲಿಗೂ ಹೋಗಕೂಡದು. ಕತ್ತರಿಸುವವನಿಗೆ ಮುದ್ದೆ ತೊಳಸುವವರು ಯಾರು ಎಂಬುದು ಅವನ ವಾದ. ಯುಗಾದಿಗೂ ಇದೇ ವಾದ ಹೂಡಿ ತಡೆದಿದ್ದ.

ಮದುವೆಗೆ ಬರಲು ಮನಸ್ಸಿಲ್ಲದೆ ಹೀಗೆ ಹೇಳುತ್ತೀಯಾ ಎಂದು ಅಣ್ಣ ಕೇಳಿದ. ದಾರಿಯಲ್ಲಿ ಏನು ಕುಡಿದು ಬಂದೆ ಎಂದು ತಂಗಿ ಕೇಳಿದಳು. ಅಷ್ಟರಲ್ಲಿ ಮಂದೆಯೇ ಮನೆ ಮುಂದೆ ಹಾದು ನೀರಿನ ಕಟ್ಟೆಗೆ ಹೊರಟಿತು. ಒಂದೊಂದರ ಮೈಮೇಲೂ ಹೊರೆ ಉಣ್ಣೆ. ಗೊಲ್ಲಪ್ಪ ಸೋತು, ತಪ್ಪಾಯ್ತು ಕಣವ್ವ ಎಂದ. ನೀರು ಕುಡಿದ ಕುರಿಗಳು ಅದೇ ದಾರಿಯಲ್ಲಿ ಹಿಂದಿರುಗಿದವು. ಈಗ ಎಲ್ಲವೂ ಬೋಳು.

ಹಿಂದಿನಿಂದ ಎತ್ತಪ್ಪ ಬಂದ.

"ಎಡಗಡೆ ಪೂರ್ತಿ ಆಗೈತೆ ಭಾವ."

ಗ್ರಾಮಸೇವಕರು ಹಟ್ಟಿಗೆ ಬಂದು ಭಾಷಣ ಮಾಡಿದ್ದರಂತೆ: ದೊಡ್ಡ ಕೆಲಸಕ್ಕೆ ಹೆದರಬೇಡಿ, ಪಾಲು ಮಾಡಿಕೊಂಡು ದಿನಾ ಚೂರು ಚೂರು ಮಾಡಿ.

"ಒಂದೊಂದೇ ಕುರಿ ಪೂರ್ತಿ ಮಾಡ್ಬಾರ್ದಿತ್ತಾ?" ಎಂದಳು ಚಿತ್ತಮ್ಮ.

"ಹಂಗ್ ಮಾಡಿದ್ರೆ ಒಂದಿಷ್ಟು ಕುರಿ ಬಾಕಿ ಉಳೀತಾವೆ. ಈಗ ನೋಡು, ಕತ್ರಿ ಆಡ್ದಿರೋ ಕುರಿ ಒಂದೂ ಇಲ್ಲ."

ಎಡಕ್ಕೆ ಬಂದ ಮರಿಯೊಂದು ತಾಯಿಯನ್ನು ನೋಡಿ, ಇವಳಲ್ಲ ಎಂಬಂತೆ ಹೊರಟು, ಬಲಕ್ಕೆ ಸುತ್ತಿ ಬಂದು ಮೊಲೆಗೆ ಬಾಯಿ ಹಾಕಿತು. ಹಟ್ಟಿಯವರನ್ನು ಮುಯ್ಯಿಗೆ ಕರೆದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತಲ್ಲ ಎಂದು ಗೊಲ್ಲಪ್ಪ ಕೇಳಿದ. ಆಮೇಲೆ ಅವರ ಕುರಿಗೆ ನಾನು ಹೋಗಬೇಕಲ್ಲ ಎಂದ ಎತ್ತಪ್ಪ.

"ಬಲಗಡೆ ಯಾವಾಗಪ್ಪ?"

"ದಿನಾ ಚೂರು ಚೂರು. ಒಂದ್ ದಿನಾನೂ ತಪ್ಪಿಸ್ಬಾರ್ದು. ಇವತ್ತು ನೀನು ಬಂದೀಯ, ನಾಳಿಂದ ಹಿಡೀತೀನಿ."

"ನೀನು ಬಲಗಡೆ ಮುಗ್ಸೋ ಹೊತ್ಗೆ ಎಡಗಡೆ ಬೆಳ್ಕಂಡಿರ್ತೈತೆ."

"ಅದ್ಕೇ ಕೆಲ್ಸ ಬಿಡಬಾರ್ದು ಅನ್ನಾದು. ಅಲ್ಲಿ ತಂಕ ಇವ್ಳು ಇಲ್ಲೇ ಇರ್ಲಿ."

ಚಿತ್ತಮ್ಮ ಒಳಗೆ ಹೋದಳು. ಹೊರಬಂದಾಗ ಕಂಕುಳಲ್ಲಿ ಬಟ್ಟೆಗಂಟು ಇತ್ತು.

"ಹೋಗ್ತೀನಿ."

ಎತ್ತಪ್ಪನ ಮುಖ ಬಿಳಿಚಿತು. "ಹೋಗಿ ಬರ್ತೀನಿ ಅನ್ಬೇಕು ಕಣೇ."

"ಅಷ್ಟು ದೊಡ್ಡ ಕೆಲ್ಸ ಒಂದೇ ಸಲಕ್ಕೆ ಹೆಂಗ್ ಮಾಡ್ಲಿ? ಇವತ್ತು ಹೋಗಾದು ಪೂರ್ತಿ ಮಾಡ್ತೀನಿ. ಬರಾದು ಚೂರು ಚೂರೇ ನೋಡಾಣ."