ಚಿತ್ರದಲ್ಲಿ ನಿಮ್ಮ ಮನೆಯವರನ್ನು ಹುಡುಕಿ

ನಮ್ಮ ಕಲಾ ಮ್ಯೂಸಿಯಮ್ಮಿನ ಭಾವಚಿತ್ರಗಳ ಹಾಲ್ ಅನ್ನು ಉದ್ಧಾರ ಮಾಡಬಲ್ಲ ಮಹಾಪುರುಷ ಈ ಭೂಮಿಯ ಮೇಲೆ ನಾನೊಬ್ಬನೇ ಎಂದು ಒಂದು ಸೋಮವಾರ ನನಗೆ ಖಾತ್ರಿಯಾಯಿತು. ಖಾತ್ರಿ ಮಾಡಿಸಿದ್ದು ಡೈರೆಕ್ಟರ್ ಮೇಡಂ.

"ಜನ ಆ ಹಾಲಿಗೆ ಯಾಕೆ ಬರ್ತಾರೆ ಗೊತ್ತೇನ್ರೀ? ಟಾಯ್ಲೆಟ್ಟಿಗೆ ಅದೇ ದಾರಿ ಅಂತ. ಈ ಭಾನುವಾರ ಸಂಸಾರ ಸಮೇತ ಬಂದವರು ಅಲ್ಲಿ ಅರ್ಧ ಗಂಟೆ ನಿಲ್ಲಬೇಕು. ಇಲ್ಲಾಂದ್ರೆ ನೀವು ನೆಲಮಾಳಿಗೆಗೆ ಹೋಗಿ ಮುರಿದ ಚೌಕಟ್ಟುಗಳಿಗೆ ನಂಬರ್ ಹಾಕ್ತಾ ಕೂತ್ಕೊಳ್ಳಿ."

ನೆಲಮಾಳಿಗೆಯಲ್ಲಿ ನಾನು ಮೊದಲೇ ಮೂರು ವರ್ಷ ಕಳೆದಿದ್ದೇನೆ. ಅಲ್ಲಿ ಕಿಟಕಿಯಿಲ್ಲ. ಮಾತಾಡಿಸಲು ಇಲಿಗಳೂ ಇಲ್ಲ, ಏಕೆಂದರೆ ಇಲಿಪಾಷಾಣ ಇಡುವುದೂ ನನ್ನದೇ ಕೆಲಸವಾಗಿತ್ತು. ಮತ್ತೆ ಅಲ್ಲಿಗೆ ಇಳಿಯಲು ನಾನು ಸುತರಾಂ ಸಿದ್ಧನಿರಲಿಲ್ಲ.

ಹಾಗಾಗಿ ಒಂದು ಆಟ ಹುಟ್ಟಿಸಿದೆ. ಮನೆಗೊಂದು ಕಾರ್ಡು, ಒಂದು ಪೆನ್ಸಿಲ್. ಗೋಡೆಯ ಮೇಲಿನ ನಲವತ್ತು ಚಿತ್ರಗಳಲ್ಲಿ ನಿಮ್ಮ ಮನೆಯವರನ್ನು ಹೋಲುವವರನ್ನು ಹುಡುಕಿ, ಕಾರಣ ಬರೆದು ಡಬ್ಬಿಗೆ ಹಾಕಿ. ಒಳ್ಳೆಯ ಹೋಲಿಕೆಗೆ ಬಣ್ಣದ ಪೆಟ್ಟಿಗೆ ಬಹುಮಾನ.

ಮನೆಯಲ್ಲಿ ನನ್ನ ಹೆಂಡತಿ ಕಾರ್ಡನ್ನು ಎರಡು ಸಲ ಓದಿದಳು. "ಇದು ಆಟಾನಾ, ವಿಚ್ಛೇದನದ ಅರ್ಜಿನಾ?"

"ನಿನಗೆ ಕಲೆ ಗೊತ್ತಿಲ್ಲ."

"ನನಗೆ ಸಂಸಾರ ಗೊತ್ತು."

ಅಪ್ಪ ಎಂಥ ಗಟ್ಟಿಗ ಎಂಬುದನ್ನು ಒಂಬತ್ತು ವರ್ಷದ ಮಗಳು ಪುಟ್ಟಿಯೂ ನೋಡಲಿ ಎಂದು ಅವಳನ್ನೂ ಭಾನುವಾರ ತಾಯಿಯ ಜೊತೆ ಕರೆಸಿಕೊಂಡೆ.

ಮೊದಲ ಕಾಲು ಗಂಟೆ ಎಲ್ಲ ಚೆನ್ನಾಗಿತ್ತು. ಆಮೇಲೆ ಒಬ್ಬ ಸೊಸೆ, ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ ದಪ್ಪ ಹೆಂಗಸಿನ ಚಿತ್ರ ತೋರಿಸಿ "ಅತ್ತೆ" ಎಂದು ಬರೆದಳು. ಅತ್ತೆ ಪೆನ್ಸಿಲ್ ಕಿತ್ತುಕೊಂಡರು. ಪಕ್ಕದ ಚಿತ್ರದಲ್ಲಿ ಒಬ್ಬ ಸುಂದರಿಯ ಕಾಲ ಬಳಿ ಮಲಗಿದ್ದ ಪುಟ್ಟ ನಾಯಿಯನ್ನು ಹುಡುಕಿ, "ನನ್ನ ಮಗ" ಎಂದು ಬರೆದರು. ಕಾರಣ: "ಮದುವೆಗೆ ಮುಂಚೆ ಬೊಗಳೋದಾದ್ರೂ ಬೊಗಳ್ತಿದ್ದ." ಮಗ ಇಬ್ಬರ ನಡುವೆ ನಿಂತು ಚೌಕಟ್ಟಿನ ಮೊಳೆಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

ಆ ಕಡೆ ಒಬ್ಬ ಬ್ಯಾಂಕ್ ಗುಮಾಸ್ತ, ಮುತ್ತಿನ ಸರದ ಚೆಲುವೆಯನ್ನು ತೋರಿಸಿ "ನನ್ನ ಹೆಂಡತಿ" ಎಂದ. ಪಾಪ, ಒಳ್ಳೆಯವನಾಗಲು ಹೋದ.

"ಇವಳು ನನ್ನ ಥರ ಇಲ್ವಲ್ಲ," ಎಂದಳು ಹೆಂಡತಿ. "ಯಾರ ಥರ ಇದಾಳೆ ಹೇಳಿ."

ಅವನು ಒಂದು ಕ್ಷಣ ಯೋಚಿಸಿದ. ಯೋಚಿಸಿದ್ದೇ ತಪ್ಪಾಯಿತು.

ಹಾಲಿನ ಕಾವಲುಗಾರನನ್ನು ನಾವು ಶ್ಶ್‌ಮಾಮ ಎನ್ನುತ್ತೇವೆ. ಅವನು ಬಾಯಿಬಿಟ್ಟು 'ಶ್ಶ್' ಅನ್ನುವುದಕ್ಕಿಂತ ಹೆಚ್ಚು ಆಡಿದ್ದನ್ನು ಯಾರೂ ಕೇಳಿಲ್ಲ. ಅವತ್ತು ಅವನೇ ಏದುಸಿರು ಬಿಡುತ್ತಾ ಬಂದ. "ಸರ್, ಹದಿನೈದು ವರ್ಷದಿಂದ ಇಲ್ಲಿ ಜನರನ್ನ ನಿದ್ದೆಯಿಂದ ಎಬ್ಬಿಸ್ತಿದ್ದೆ. ಇವತ್ತು ಜಗಳ ಬಿಡಿಸ್ತಾ ಇದೀನಿ."

ನಾನು ಸ್ಟೂಲ್ ಹತ್ತಿ "ಇದು ಬರೀ ಆಟ" ಎಂದು ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಇಡೀ ಹಾಲಿನಲ್ಲಿ ಮರ್ಯಾದೆಯಿಂದ ಇದ್ದವರೆಂದರೆ ಗೋಡೆಯ ಮೇಲಿನ ಆ ನಲವತ್ತು ಜನ ಮಾತ್ರ. ಸರಿಯಾಗಿ ಆಗಲೇ ಡೈರೆಕ್ಟರ್ ಮೇಡಂ ಒಳಗೆ ಬಂದರು. ನಾನು ಮನಸ್ಸಿನಲ್ಲೇ ನೆಲಮಾಳಿಗೆಯ ಮೆಟ್ಟಿಲು ಇಳಿಯತೊಡಗಿದೆ.

ಮೇಡಂ ಗಡಿಯಾರ ನೋಡಿಕೊಂಡರು. "ಒಂದು ಗಂಟೆ ಐದು ನಿಮಿಷ. ಒಬ್ಬರೂ ಹೊರಗೆ ಹೋಗಿಲ್ಲ. ಶಹಭಾಸ್ ಕಣ್ರೀ."

ಎಲ್ಲರೂ ಚಿತ್ರಗಳ ಮುಂದೆಯೇ ನಿಂತು ಜಗಳವಾಡುತ್ತಿದ್ದರಲ್ಲ! ನನ್ನ ಎದೆ ಉಬ್ಬಿ ಶರ್ಟಿನ ಗುಂಡಿಗೆ ಕಷ್ಟವಾಯಿತು. ಮೇಡಂ ಡಬ್ಬಿಯಿಂದ ಕಾರ್ಡುಗಳನ್ನು ತೆಗೆದು ಓದುತ್ತಾ, ಒಂದಕ್ಕೆ ಬಂದು ನಿಲ್ಲಿಸಿದರು. "ಬಹುಮಾನ ಇದಕ್ಕೇ. ಕೇಳಿ. 'ನಮ್ಮಪ್ಪ. ಬಾಗಿಲ ಎಡಗಡೆ ಇರೋದು. ಕಾರಣ ಅದರಲ್ಲೇ ಬರೆದಿದೆ.'"

ಇಣುಕಿ ನೋಡಿದೆ. ನನ್ನ ಮಗಳ ಅಕ್ಷರ. ಬಾಗಿಲ ಹತ್ತಿರ ಕತ್ತಿ ಹಿಡಿದ ದಂಡನಾಯಕನ ಚಿತ್ರವಿದೆ ಎಂದು ನೆನಪಾಗಿ ಮೀಸೆ ಸವರಿಕೊಂಡೆ. ಜಗಳ ನಿಲ್ಲಿಸಿ ಎಲ್ಲರೂ ಆ ಕಡೆ ತಿರುಗಿದರು. ದಂಡನಾಯಕ ಇದ್ದದ್ದು ಬಲಗಡೆ. ಎಡಗಡೆ ಇದ್ದದ್ದು ಚಿತ್ರವೇ ಅಲ್ಲ, ನಾನೇ ಬರೆಸಿ ಹಾಕಿಸಿದ ಬೋರ್ಡು: ಮುಟ್ಟಬೇಡಿ. ಒರಗಬೇಡಿ. ಜೋರಾಗಿ ಮಾತಾಡಬೇಡಿ. ಓಡಬೇಡಿ.

ಅತ್ತೆ ಸೊಸೆ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ಶ್ಶ್‌ಮಾಮ ಗೋಡೆಯ ಕಡೆ ತಿರುಗಿ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ; ಚುರುಕ್ಕೆಂದಿತು. "ಬಹುಮಾನ ನೀವೇ ಕೊಡಿ," ಎಂದರು ಮೇಡಂ. ಸರಿ, ನಾನು ಅಂಥ ಅಪ್ಪ ಅಲ್ಲ ಎಂದು ಇಷ್ಟು ಜನರ ಮುಂದೆ ತೋರಿಸಿಯೇ ಬಿಡುತ್ತೇನೆ ಎಂದುಕೊಂಡು ಬಣ್ಣದ ಪೆಟ್ಟಿಗೆ ಎತ್ತಿ ಹಿಡಿದು, ಮುಖದ ತುಂಬ ನಗು ತಂದುಕೊಂಡು, "ಬಾ ಮರಿ," ಎಂದು ಕರೆದೆ.

ಪುಟ್ಟಿ ಖುಷಿಯಿಂದ ಹಾಲಿನ ಆ ತುದಿಯಿಂದ ಹಾರಿಕೊಂಡು ಬಂದಳು.

"ಏಯ್, ಓಡಬೇಡ!" ಎಂದೆ.