ಎಡೆಗೆ ಕೂತ ಕೊರಿಯಾ ಕುವರನ ವಿಮೋಚನೆ

ಹೇ ವಾಗ್ದೇವಿ! ಅಂಗೈಯಗಲದ ಗಾಜಿನೊಳಗೆ ಸಪ್ತದ್ವೀಪಗಳ ಜನರೂ ಕುಣಿಯುವ ಈ ಕಲಿಯುಗದಲ್ಲಿ, ಮಹಾಲಯ ಅಮಾವಾಸ್ಯೆಯ ನಡುಹಗಲಿನಲ್ಲಿ, ಪಾಂಡವಪುರದ ಹೆಂಚಿನ ಮನೆಯೊಂದರಲ್ಲಿ ಅಜ್ಜಿಗೂ ಮೊಮ್ಮಗಳಿಗೂ ನಡೆದ ಘೋರಸಮರವನ್ನು ಹಾಡುವ ಕಸುವನ್ನು ನನಗೆ ಕೊಡು. ಒಂದು ಫೋಟೋಗಾಗಿ ಇಷ್ಟೆಲ್ಲ ರಂಪವೇ ಎಂದು ನಗಬೇಡ ತಾಯೇ, ಅಲ್ಲಿ ಒಂದು ಹರೆಯದ ಜೀವವೇ ಪಣಕ್ಕಿತ್ತು.

ಸೌಟಾಯುಧಧಾರಿಣಿ, ಧೂಮಧೂಸರಿತನಯನೆ, ಸೊಸೆಯಾಗಿ ಬಂದಂದಿನಿಂದ ಒಂದು ಪಿತೃಪಕ್ಷವನ್ನೂ ತಪ್ಪಿಸದ ನಿಂಗಾಜಮ್ಮ ಅಂದು ಮನೆಯ ಹಿರಿಯರಿಗೆಲ್ಲ ಎಡೆ ಇಡಲು ಅವರ ಫೋಟೋಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಗಂಡ, ಅತ್ತೆ, ಮಾವ, ಬಾವಮೈದ ಎಲ್ಲರೂ ಬಂದಾಯಿತು. ಯಾರಾದರೂ ಉಳಿದರೋ ಎಂದು ಮೊಮ್ಮಗಳ ಕೋಣೆಗೆ ಇಣುಕಿದಾಗ ಚಿನ್ನದ ಬಣ್ಣದ ಕಟ್ಟಿನೊಳಗಿಂದ ಒಬ್ಬ ಯುವಕ ನಗುತ್ತಿದ್ದನು. ಬೆಣ್ಣೆಯಂಥ ಕೆನ್ನೆ, ಹಣೆ ಮುಚ್ಚಿದ ಕೂದಲು.

"ಅಯ್ಯೋ ಕಂದಾ, ಸೊಸೆ ತೌರಿನೋರ ಪೈಕಿ ಇರ್ಬೇಕು. ಪ್ರಾಯದಲ್ಲೇ ಹೋಗ್ಬುಟ್ಟದೆ" ಎಂದು ಮರುಗಿದ ಆ ಕರುಣಾಸಮುದ್ರೆಯು ಅವನ ಹಣೆಗೆ ವಿಭೂತಿ ಬಳಿದು, ಕೊರಳಿಗೆ ಸೇವಂತಿಗೆ ಹಾರ ಹಾಕಿ, ತನ್ನ ಗಂಡನ ಪಕ್ಕದಲ್ಲೇ ಕೂರಿಸಿದಳು. ವಡೆ, ಕಜ್ಜಾಯ, ಮುದ್ದೆ, ಮಟನ್ ಸಾರು ಬಡಿಸಿದಳು. ವಯಸ್ಸಿನ ಹುಡುಗನೆಂದು ಎರಡು ತುಂಡು ಜಾಸ್ತಿಯೇ ಬಿದ್ದವು. ಬಳಿಕ ಪದ್ಧತಿಯಂತೆ, ಹಿರಿಯರು ನೆಮ್ಮದಿಯಾಗಿ ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಹೊಸ್ತಿಲಾಚೆ ಕಾವಲು ಕೂತಳು.

ಆಗ ಗೆಳತಿಯ ಮನೆಯಿಂದ ಮರಳಿದಳು ಮೊಮ್ಮಗಳು ಸಿಂಚನ. ಮುಚ್ಚಿದ ಬಾಗಿಲು ಕಂಡು ಕಿಟಕಿಯಲ್ಲಿ ಇಣುಕಿದಳು. ಎರಡು ವರ್ಷದಿಂದ ತಾನು ಆರಾಧಿಸಿದ, ಕೊರಿಯಾದ ಸೋಲ್ ನಗರದ ಸಪ್ತಗಾಯಕವೃಂದದ ಚೂಡಾಮಣಿ ಹೇ-ಬಿನ್, ಸತ್ತವರ ಪಂಕ್ತಿಯಲ್ಲಿ ಧೂಪದ ಹೊಗೆಯ ನಡುವೆ ಕೂತಿದ್ದನು!

"ಅಜ್ಜೀ! ಬದುಕಿರೋನ್ಗೆ ಎಡೆ ಇಕ್ಕಿದ್ದೀಯಲ್ಲಾ! ತೆಗಿ ಬಾಗ್ಲ!"

"ಬದ್ಕಿದ್ರೆ ಫೋಟಕ್ಕೆ ಕಟ್ಟು ಯಾಕವ್ವ ಹಾಕ್ಸಿದ್ದೆ? ನಮ್ಮನೇಲಿ ಕಟ್ಟು ಹಾಕ್ಸೋದು ಸತ್ತೋರ್ಗೆ. ಹಿರೀಕರು ಉಣ್ತಾವ್ರೆ, ಮಧ್ಯದಲ್ಲಿ ತೆಗುದ್ರೆ ಎದ್ದೋಯ್ತಾರೆ. ವರ್ಸೆಲ್ಲ ಹಸ್ಕೊಂಡಿರ್ಬೇಕಾ ಅವ್ರು?"

ಮಗ, ಸೊಸೆ ದಾಯಾದಿಗಳ ಮನೆಯ ಎಡೆಗೆ ಹೋಗಿದ್ದರಿಂದ ಸಂಧಾನಕ್ಕೆ ನರಪಿಳ್ಳೆಯೂ ಇರಲಿಲ್ಲ. ಸೌಟನ್ನು ಗದೆಯಂತೆ ಹೆಗಲಿಗೇರಿಸಿ ನಿಂಗಾಜಮ್ಮ ಗುಡುಗಿದಳು: "ನಮ್ಮತ್ತೆಗೇ ಸೊಪ್ಪು ಹಾಕ್ದೋಳಲ್ಲ ನಾನು. ನಿಂಗೆ ಹೆದರ್ತೀನಾ?"

"ನಾನೂ ನಿನ್ ಮೊಮ್ಮಗ್ಳೇ ಕಣಜ್ಜಿ! ಅವ್ನ ಹಾಡು ಅರ್ಥ ಆಗ್ಲಿ ಅಂತ ಅವ್ರ ಅಕ್ಷರಾನೇ ಕಲ್ತೋಳು. ಅವ್ನ ಹಿಂಗೆ ಸಾಯಕ್ಕೆ ಬುಟ್ಬುಡ್ತೀನಾ?" ಎಂದು ಪ್ರತಿಗರ್ಜಿಸಿದ ಸಿಂಚನ, ಜೀನ್ಸಿನ ಜೇಬೆಂಬ ಬತ್ತಳಿಕೆಯಿಂದ ಮೊಬೈಲೆಂಬ ಅಮೋಘಾಸ್ತ್ರವನ್ನು ಸೆಳೆದಳು. ಅದೃಷ್ಟಕ್ಕೆ ಆ ಕ್ಷಣದಲ್ಲೇ ಹೇ-ಬಿನ್ ಅಭಿಮಾನಿಗಳೆದುರು ನೇರಪ್ರಸಾರದಲ್ಲಿ ಕೂತು, ಎರಡು ಕಡ್ಡಿ ಹಿಡಿದು ನೂಡಲ್ಸ್ ತಿನ್ನುತ್ತಿದ್ದನು.

ನಿಂಗಾಜಮ್ಮ ಕಣ್ಣು ಕಿರಿದಾಗಿಸಿ ನೋಡಿ ಕೈಮುಗಿದಳು. "ನೋಡ್ದಾ, ಎಡೆ ಉಣ್ತಾವ್ನೆ!"

"ಅಯ್ಯೋ, ಅದು ಅವ್ನ ಮನೆ, ಅಜ್ಜಿ. ಈಗ, ಈ ಗಳಿಗೇಲಿ, ಅಲ್ಲಿ ಕೂತವ್ನೆ!"

ಅಷ್ಟರಲ್ಲಿ ಖಾರ ನೆತ್ತಿಗೇರಿ ಗಾಯಕನಿಗೆ ಬಿಕ್ಕಳಿಕೆ ಬಂತು. ಒಂದು, ಎರಡು, ಮೂರು. ನಿಂಗಾಜಮ್ಮನ ಕೈಯಿಂದ ಸೌಟು ಜಾರಿತು. "ಸತ್ತೋರ್ಗೆ ಬಿಕ್ಕಳಿಕೆ ಬರಕಿಲ್ವಲ್ಲೇ! ನಾವು ನೆನುಸ್ಕತಿರೋದು ಅದ್ಕೆ ಗೊತ್ತಾಗೋಗದೆ. ಅಯ್ಯೋ ಪಾಪಿ ನಾನು, ಹೆತ್ತೋರ ಮಗೀಗೆ ಎಂಥ ಕೆಲ್ಸ ಮಾಡ್ಬುಟ್ಟೆ!"

ಮಗುವೊಂದನ್ನು ಕೈಯಾರೆ ಸಾವಿನ ಮನೆಗೆ ದಬ್ಬಿದೆನೆಂಬ ಭಯ ಅವಳನ್ನು ಬಾಗಿಲಿಗೆ ಅಟ್ಟಿತು. ಯಾವ ಪಿತೃಪಕ್ಷದಲ್ಲೂ ಅರ್ಧದಲ್ಲಿ ತೆರೆಯದ ಬಾಗಿಲನ್ನು ಅಂದು ತಾನೇ ಒದ್ದು ತೆರೆದಳು. "ತಪ್ಪಾಯ್ತು ಕನ್ರಪ್ಪಾ, ನೀವು ಉಣ್ಣಿ. ಈ ಕೂಸು ನಿಮ್ಮದಲ್ಲ" ಎಂದು ಗಂಡನ ಪಕ್ಕದಿಂದ ಫೋಟೋ ಎತ್ತಿಕೊಂಡು, ಹಾರ ಕಿತ್ತು, ಸೆರಗಿನಿಂದ ಹಣೆಯ ವಿಭೂತಿ ಒರೆಸಿದಳು. ಸಿಂಚನ ಅಜ್ಜಿಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ಆಮೇಲೆ ಇಬ್ಬರೂ ಹಜಾರದಲ್ಲಿ ಕೂತು ಅವನ ಊಟ ನೋಡಿದರು. "ಬರೀ ಶ್ಯಾವ್ಗೆ ತಿಂತದಲ್ಲ, ಇಕ್ಕೋರು ಯಾರೂ ಇಲ್ವಾ?" ಎಂದು ನಿಂಗಾಜಮ್ಮ ಲೊಚಗುಟ್ಟಿದಳು. ಅವನು ಬಟ್ಟಲನ್ನು ಬದಿಗಿಟ್ಟು ನಾಲ್ಕು ಸಾಲು ಹಾಡಿದಾಗ ಅವಳ ತಲೆ ತಾನಾಗಿ ತೂಗಿತು. ಉಳಿದ ಆರು ಜನರ ಹೆಸರನ್ನೂ ಕೇಳಿದಳು. ಮದುವೆಯಾಗಿದೆಯೇ ಎಂದೂ ಕೇಳಿದಳು.

ಆಗ ಪರದೆ ತಟಕ್ಕನೆ ಕಪ್ಪಾಯಿತು.

"ಹೋಗ್ಬುಟ್ನಲ್ಲೇ!" ಎಂದು ನಿಂಗಾಜಮ್ಮ ಎದೆ ಬಡಿದುಕೊಂಡಳು. "ಅರ್ಧ ಊಟ್ದಲ್ಲೇ ಹೋಗ್ಬುಟ್ನಲ್ಲೇ!"

"ಇಲ್ಲ ಕಣಜ್ಜಿ, ಚಾರ್ಜು ಹೋಯ್ತು."

ಕ್ಷಣಾರ್ಧದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಮೂಲೆಗೆ ಮಂಡಿಯೂರಿ ಕೂತ ಆ ಮಹಾಮಾತೆ, ಫ್ರಿಜ್ಜಿನ ಪ್ಲಗ್ಗನ್ನು ಕಿತ್ತು ಕೈಚಾಚಿದಳು. "ಎಲ್ಲವ್ವ ನಿನ್ ಚಾರ್ಜರು? ಬಿರ್ನೆ ತಾ!"