ಸದರಿ ಕೋಳಿಯ ಎದೆಪಟ್ಟಿ ತರಬೇತಿ

ನೌಕರರ ವಸತಿಗೃಹಗಳ ಆವರಣದಲ್ಲಿ ಸಾಕುಪ್ರಾಣಿಗಳು ಎದೆಪಟ್ಟಿಯಿಲ್ಲದೆ ಸಂಚರಿಸತಕ್ಕದ್ದಲ್ಲ ಎಂಬ ನಿಯಮವು ಜಾರಿಗೆ ಬಂದ ದಿನ ಸದರಿ ಆವರಣದಲ್ಲಿದ್ದ ಸಾಕುಪ್ರಾಣಿಗಳ ಒಟ್ಟು ಸಂಖ್ಯೆ ಒಂದು. ಅದು ನಮ್ಮ ಅತ್ತೆಯವರ ಕೋಳಿ.

ನಿಯಮಕ್ಕೆ ಕಾರಣವಿಲ್ಲದಿರಲಿಲ್ಲ. ಕೋಳಿಯು ಒಂದು ಮಧ್ಯಾಹ್ನ ನಿರ್ವಹಣಾ ಕಚೇರಿಯ ತೆರೆದ ಬಾಗಿಲಿನಿಂದ ಒಳಹೋಗಿ, ಬಂದ ಪತ್ರಗಳನ್ನಿಡುವ ತಟ್ಟೆಯಲ್ಲಿ ಕುಳಿತು, ಒಂದು ಮೊಟ್ಟೆಯನ್ನು ಸಲ್ಲಿಸಿತ್ತು. ಆ ತಟ್ಟೆಗೆ ಬಂದುದನ್ನು ಹಿಂದಿರುಗಿಸುವ ಪದ್ಧತಿ ಕಚೇರಿಯಲ್ಲಿಲ್ಲ. ಆದ್ದರಿಂದ ಮೊಟ್ಟೆಗೆ ಮೊಹರು ಒತ್ತಿ, ಸೂಕ್ತ ಕ್ರಮಕ್ಕಾಗಿ ಕಚೇರಿಯ ನಿರ್ವಾಹಕರ ಮನೆಗೆ ಕಳುಹಿಸಲಾಯಿತು. ನಿರ್ವಾಹಕರು ಈರುಳ್ಳಿ ಸಹಿತ ಸೂಕ್ತ ಕ್ರಮ ಕೈಗೊಂಡರು.

ಇದೇ ಸಮಯದಲ್ಲಿ ನಿರ್ವಾಹಕರ ಭಾವಮೈದುನರ ಅಂಗಡಿಯಲ್ಲಿ ನಾಯಿಗಳಿಗೆ ಕಟ್ಟುವ ಎದೆಪಟ್ಟಿಗಳು ಮಾರಾಟವಾಗದೆ ಸೂರು ಮುಟ್ಟುವಂತೆ ರಾಶಿಬಿದ್ದಿದ್ದವೆಂಬುದು ಕೇವಲ ಆಕಸ್ಮಿಕ.

ಪ್ರಕಟಣೆಯನ್ನು ನಮ್ಮ ಬಾಗಿಲಿಗೇ ಅಂಟಿಸಿದ್ದರು. ಯಜಮಾನರು ಕನ್ನಡಕ ಏರಿಸಿಕೊಂಡು ಅತ್ತೆಯವರಿಗೆ ಓದಿ ಹೇಳಿದರು:

“ಎದೆಪಟ್ಟಿಯು ಅನುಮೋದಿತ ಅಂಗಡಿಯದಾಗಿರತಕ್ಕದ್ದು. ಪ್ರಾಣಿಯು ಅದನ್ನು ಧರಿಸಿ ಗೇಟಿನಿಂದ ಕಚೇರಿಯ ಮೆಟ್ಟಿಲಿನವರೆಗೆ ಸ್ವಇಚ್ಛೆಯಿಂದ ನಡೆದು ತೋರಿಸತಕ್ಕದ್ದು. ನಡೆಯದ ಪ್ರಾಣಿಯನ್ನು ಕಚೇರಿಯು ವಶಕ್ಕೆ ಪಡೆದು ಸೂಕ್ತ ಕ್ರಮ ಕೈಗೊಳ್ಳುವುದು.”

“ಇದಕ್ಕೂ ಈರುಳ್ಳಿ ಹಾಕ್ತಾರೇನೋ?” ಎಂದು ಅತ್ತೆ ಕೇಳಿದರು. ಯಜಮಾನರು ಕನ್ನಡಕ ಒರೆಸತೊಡಗಿದರು.

ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ನಮ್ಮೊಡನೆ ಉಪ್ಪು, ಚಿಲಕ ಮತ್ತು ಒಣಗಿದ ಬಟ್ಟೆ, ಈ ವಿಷಯಗಳಲ್ಲಿ ಮಾತ್ರ ಮಾತುಕತೆ ನಡೆಸುತ್ತಿದ್ದರು. ಮಿಕ್ಕ ಮಾತೆಲ್ಲ ಕೋಳಿಯದು. ಅದನ್ನು ಅವರು ಕರೆಯುತ್ತಿದ್ದುದೇ “ಇವಳೇ” ಎಂದು. “ಇವಳೇ, ಕೇಳಿದ್ಯಾ, ರಾತ್ರಿ ಮಂಡಿ ಎಷ್ಟು ನೋವು ಗೊತ್ತಾ?” ಎಂದು ಹಿತ್ತಲಿನಲ್ಲಿ ದನಿ ಕೇಳಿದಾಗಲೇ ನಮಗೆ ಅವರ ಮಂಡಿನೋವಿನ ಮಾಹಿತಿ ದೊರೆಯುತ್ತಿತ್ತು. ಕೋಳಿ ಹೋದರೆ ಮನೆಯಲ್ಲಿ ಮಾತು ನಿಲ್ಲುವುದು ಖಂಡಿತವಾಗಿತ್ತು.

ಎದೆಪಟ್ಟಿ ತರಲಾಯಿತು. ಅದರೊಳಗೆ ಕೋಳಿಯೂ, ಬೇಕಾದರೆ ಅದರ ಬಂಧುಬಳಗವೂ ಹಿಡಿಯುತ್ತಿತ್ತು. ನಾನು ಹೊಲಿಗೆ ಯಂತ್ರದ ಮುಂದೆ ಕುಳಿತು ಕತ್ತರಿಸಿ ಚಿಕ್ಕದು ಮಾಡಿದೆ. ಅನುಮೋದಿತ ಅಂಗಡಿಯ ಚೀಟಿಯನ್ನು ಮಾತ್ರ ಕತ್ತರಿಸುವಂತಿರಲಿಲ್ಲ. ಹೀಗಾಗಿ ಹಿಂದಿನಿಂದ ನೋಡಿದವರಿಗೆ ಚೀಟಿಯೊಂದಕ್ಕೆ ಬಾಲ ಬಂದಂತೆ ಕಾಣುತ್ತಿತ್ತು.

ಪಟ್ಟಿ ಬಿಗಿದ ಕೂಡಲೇ ಕೋಳಿಯು ಪಕ್ಕಕ್ಕೆ ಒರಗಿ, ಕಾಲು ಚಾಚಿ, ಕಣ್ಣು ತೆರೆದುಕೊಂಡೇ ಬಿದ್ದಿತು.

“ಹೋಯ್ತಾ?” ಎಂದರು ಯಜಮಾನರು.

“ಮದುವೆ ಕೋಟು ಹಾಕಿದಾಗ ನೀನೂ ಹೀಗೇ ಬಿದ್ಕೊಂಡಿದ್ದೆ. ಹೋದೆಯಾ?” ಎಂದರು ಅತ್ತೆ.

ಮರುದಿನ ಕೋಳಿ ಎದ್ದು ನಿಂತಿತು. ಆದರೆ ಹಿಂದಕ್ಕೆ ಮಾತ್ರ ನಡೆಯಿತು. ಪಟ್ಟಿಯೊಳಗಿನಿಂದ ಹಿಂಬದಿಗೆ ನುಸುಳಿ ಹೊರಬರಬಹುದೆಂಬ ಅದರ ಲೆಕ್ಕಾಚಾರವು ಗೋಡೆ ತಾಕಿದಾಗ ಮುಗಿಯಿತು. ಅತ್ತೆಯವರು ಒಂದೊಂದು ಹೆಜ್ಜೆಗೆ ಒಂದೊಂದು ಜೋಳದ ಕಾಳು ಕೊಡುತ್ತೇನೆಂದರು. ಕೋಳಿಯು ಕಾಳನ್ನು ಪಡೆದು ಹೆಜ್ಜೆಯನ್ನು ಬಾಕಿ ಉಳಿಸಿಕೊಂಡಿತು.

ಕೊನೆಗೆ ಅತ್ತೆಯವರು ನನ್ನ ಕಡೆ ತಿರುಗಿ, “ಇಂಥದನ್ನ ಒಬ್ಬಳೇ ಹಾಕ್ಕೋ ಅಂದ್ರೆ ಯಾರಿಗೆ ತಾನೇ ನಾಚಿಕೆ ಆಗಲ್ಲ? ನೀನೂ ಹಾಕ್ಕೋಮ್ಮ,” ಎಂದರು. ನನಗೂ ಅವರಿಗೂ ಉಪ್ಪಿನ ಹೊರತಾಗಿ ಬಹಳ ದಿನಗಳ ಮೇಲೆ ನಡೆದ ಮೊದಲ ಮಾತು ಅದು. ಅದೇ ಅಂಗಡಿಯಿಂದ ಇನ್ನೊಂದು ಪಟ್ಟಿ ತರಿಸಿ ಹಾಕಿಕೊಂಡೆ. ಕೋಳಿಯು ನನ್ನನ್ನು ಒಂದು ಕಣ್ಣಿನಿಂದ ನೋಡಿತು, ತಿರುಗಿ ಇನ್ನೊಂದು ಕಣ್ಣಿನಿಂದಲೂ ನೋಡಿ ಖಚಿತಪಡಿಸಿಕೊಂಡಿತು, ನಂತರ ನನ್ನ ಹಿಂದೆ ನಡೆಯಿತು. ಹಿತ್ತಲು ದಾಟುತ್ತಲೇ ಮತ್ತೆ ಅನುಮಾನಿಸಿತು. ಇನ್ನೊಬ್ಬರು ಬೇಕಾದರು.

“ಅಮ್ಮಾ, ನಾನು ಆಫೀಸಿಗೆ ಹೋಗೋನು,” ಎಂದರು ಯಜಮಾನರು.

“ಹಾಗಾದ್ರೆ ನಿನಗೆ ಅಭ್ಯಾಸ ಇರುತ್ತೆ. ತೋಳೆತ್ತು.”

ಪರೀಕ್ಷೆಯ ದಿನ ಆವರಣದ ಕಿಟಕಿಗಳೆಲ್ಲ ತುಂಬಿದ್ದವು. ಕಚೇರಿಯ ಮೆಟ್ಟಿಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ನಿರ್ವಾಹಕರು ಕುಳಿತಿದ್ದರು. ಪಕ್ಕದಲ್ಲಿ ಪಟ್ಟಿಗಳ ಕಟ್ಟಿನೊಂದಿಗೆ ಭಾವಮೈದುನರು. ಅವರ ಪಕ್ಕದಲ್ಲಿ ಮುಚ್ಚಳವಿರುವ ಬುಟ್ಟಿಯೊಂದಿಗೆ ಕಚೇರಿಯ ಜವಾನ. ಮೊದಲು ಯಜಮಾನರು, ಹಿಂದೆ ನಾನು, ನನ್ನ ಹಿಂದೆ ಕೋಳಿ, ಕೋಳಿಯ ಹಗ್ಗ ಹಿಡಿದು ಅತ್ತೆ, ಹೀಗೆ ನಾವೆಲ್ಲ ಎದೆಪಟ್ಟಿ ಧರಿಸಿ ಗೇಟಿನಿಂದ ಹೊರಟೆವು. ಯಾರೂ ನಗಲಿಲ್ಲ. ನಿಯಮದ ಪ್ರಕಾರ ನಡೆಯುವವರನ್ನು ನೋಡಿ ನಗುವುದು ನಮ್ಮ ಆವರಣದಲ್ಲಿ ರೂಢಿಯಿಲ್ಲ.

ಮೆಟ್ಟಿಲಿಗೆ ಇನ್ನೇನು ತಲುಪಬೇಕು, ಕೋಳಿಯು ತಲೆಯೆತ್ತಿ ನಿರ್ವಾಹಕರ ಎದೆಯನ್ನು ನೋಡಿತು. ಬರಿದಾಗಿತ್ತು. ಅದು ಪಕ್ಕಕ್ಕೆ ಒರಗಿ, ಕಾಲು ಚಾಚಿ ಬಿದ್ದಿತು.

ಜವಾನ ಬುಟ್ಟಿಯ ಮುಚ್ಚಳ ತೆಗೆದ. ಅತ್ತೆಯವರು ಹಗ್ಗವನ್ನು ಕೈಗೆ ಸುತ್ತಿಕೊಂಡು ಕೋಳಿಗೂ ಬುಟ್ಟಿಗೂ ನಡುವೆ ಬಂದು ನಿಂತರು.

“ಅವಳಿಗೆ ಏನೂ ಆಗಿಲ್ಲ ಸಾರ್. ನಿಮ್ಮನ್ನ ನೋಡಿ ಅನುಮಾನ ಬಂತು. ನಾವೆಲ್ಲ ಹಾಕಿದೀವಿ, ನೀವು ಹಾಕಿಲ್ಲ. ನಿಯಮ ನಿಜಾನೋ ಸುಳ್ಳೋ ಅಂತ ಯೋಚಿಸ್ತಿದಾಳೆ.”

“ನಾನು ಪ್ರಾಣಿಯಲ್ಲಮ್ಮ!”

“ಅದು ಅವಳಿಗೆ ಹೇಗೆ ಗೊತ್ತಾಗ್ಬೇಕು ಸಾರ್?”

ನಿರ್ವಾಹಕರು ಇದಕ್ಕೆ ಅನ್ವಯಿಸುವ ನಿಯಮವನ್ನು ಮನಸ್ಸಿನಲ್ಲೇ ಹುಡುಕುತ್ತಿರುವಾಗ ಭಾವಮೈದುನರು ಕಿಟಕಿಗಳ ಕಡೆ ಒಮ್ಮೆ ಕಣ್ಣಾಡಿಸಿದರು. ಎಷ್ಟೊಂದು ಎದೆಗಳು! “ಭಾವ, ಹಾಕ್ಕೊಂಡ್ಬಿಡಿ. ನೀವು ಹಾಕ್ಕೊಂಡ್ರೆ ಎಲ್ರೂ ಹಾಕ್ಕೋತಾರೆ. ದೊಡ್ಡ ಜಾತಿ ನಾಯೀದು ಒಂದಿದೆ, ನಿಮಗೆ ಅಳತೆ ತೆಗೆದ ಹಾಗಿರುತ್ತೆ,” ಎಂದು ಭಾವನವರ ತೋಳೆತ್ತಿಸಿ ಪಟ್ಟಿ ಬಿಗಿದೇ ಬಿಟ್ಟರು.

ಕೋಳಿ ಎದ್ದಿತು. ಮೆಟ್ಟಿಲೇರಿತು. ನೇರವಾಗಿ ಒಳಹೋಗಿ ತಟ್ಟೆಯಲ್ಲಿ ಕುಳಿತು, ಎರಡನೆಯ ಮೊಟ್ಟೆಯನ್ನು ಸಲ್ಲಿಸಿತು. ಅತ್ತೆಯವರು ಮೆಟ್ಟಿಲಿನ ಮೇಲೇ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು.

ಸಂಜೆಯೊಳಗೆ ಹೊಸ ಪ್ರಕಟಣೆ ಹೊರಬಿದ್ದಿತು: “ಸಾಕುಪ್ರಾಣಿಯ ಸ್ವಇಚ್ಛೆಗೆ ಧಕ್ಕೆಯಾಗದಂತೆ ಆವರಣದ ಸಮಸ್ತ ನಿವಾಸಿಗಳೂ ಎದೆಪಟ್ಟಿ ಧರಿಸತಕ್ಕದ್ದು.”

ಇದನ್ನು ಯಾರೂ ವಿರೋಧಿಸಲಿಲ್ಲವೆಂದರೆ ತಪ್ಪಾಗುತ್ತದೆ. ಮೇಲಿನ ಮನೆಯ ನಿವೃತ್ತ ಮೇಷ್ಟ್ರು, ಪಟ್ಟಿಗೆ ಜೇಬಿಲ್ಲವೆಂದು ತೀವ್ರವಾಗಿ ಖಂಡಿಸಿದರು. ಮೂಲೆ ಮನೆಯ ನರ್ಸಮ್ಮನವರು ಬರೀ ಕಪ್ಪು ಬಣ್ಣವೇಕೆಂದು ಪ್ರಶ್ನಿಸಿದರು. ನೀಲಿ ಬಂದ ಮೇಲೆ ಆವರಣ ಶಾಂತವಾಯಿತು.

ಪಟ್ಟಿ ಬಿಗಿಯಾದವರು, ಸಡಿಲವಾದವರು ಎಲ್ಲರೂ ನಮ್ಮ ಮನೆಗೇ ಬರತೊಡಗಿದರು. ಅತ್ತೆಯವರು ಒಬ್ಬೊಬ್ಬರ ಕಂಕುಳಲ್ಲೂ ಎರಡು ಬೆರಳು ತೂರಿಸಿ ಪರೀಕ್ಷಿಸಿ, ಹಾಗೆಯೇ ಅವರವರ ಮಂಡಿ, ಸೊಂಟ, ಸೊಸೆಯಂದಿರ ಬಗ್ಗೆಯೂ ವಿಚಾರಿಸಿಕೊಳ್ಳುತ್ತಾರೆ. ಅವರ ಮಂಡಿನೋವಿನ ಮಾಹಿತಿ ಈಗ ನನಗೆ ನೇರವಾಗಿಯೇ ದೊರೆಯುತ್ತಿದೆ. ಕೋಳಿಗೆ ಪಟ್ಟಿಯ ಉಜ್ಜುವಿಕೆಯಿಂದ ಪುಕ್ಕ ಉದುರತೊಡಗಿದಾಗ, ಸದರಿ ಕೋಳಿಯು ತರಬೇತಿ ಮುಗಿಸಿದ್ದು ಪ್ರಸ್ತುತ ಇತರರ ಮೇಲ್ವಿಚಾರಕ ಸ್ಥಾನದಲ್ಲಿರುವುದರಿಂದ ಅದಕ್ಕೆ ಎದೆಪಟ್ಟಿಯ ಅಗತ್ಯವಿಲ್ಲವೆಂದು ಕಚೇರಿಯು ಆದೇಶಿಸಿತು.

ನಿನ್ನೆ ನಿರ್ವಾಹಕರೂ ಬಂದಿದ್ದರು.

“ಅಮ್ಮಾ, ಇದನ್ನ ಹಾಕ್ಕೊಂಡ್ರೆ ಯಾಕೋ ಬಿದ್ಕೋಬೇಕು ಅನ್ಸುತ್ತೆ.”

“ಮೊದಮೊದಲು ಹಾಗೇ ಸಾರ್. ಆಮೇಲೆ ಒಗ್ಗುತ್ತೆ. ಎಲ್ಲಿ, ನಡೀರಿ ನೋಡೋಣ.”

ನಿರ್ವಾಹಕರು ಹಿಂದಕ್ಕೆ ಹಿಂದಕ್ಕೆ ಸರಿದರು. ಗೋಡೆ ತಾಕಿತು. ನಿಂತು ಯೋಚಿಸಿದರು. ನಂತರ ಮುಂದಕ್ಕೆ ಒಂದು ಹೆಜ್ಜೆ ಇಟ್ಟರು. ಅತ್ತೆಯವರು ಅಭ್ಯಾಸಬಲದಿಂದ ಅವರ ಅಂಗೈಗೆ ಒಂದು ಜೋಳದ ಕಾಳು ಹಾಕಿದರು.

ಅವರು ಅದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದು ಹೆಜ್ಜೆ ಇಟ್ಟರು. ಕೋಳಿಯು ಬರಿಮೈ ಕೊಡವಿ, ಮೇಲ್ವಿಚಾರಣೆಗಾಗಿ ಅವರ ಹಿಂದೆ ಹೊರಟಿತು.